ಚೌಡರಸರ ಪಾಸ್‌ವರ್ಡ್

ಹೊನ್ನೆಗುಂದದ ಚೌಡರಸರಿಗೆ ಆನೆ, ಕುದುರೆ, ಕಾಲಾಳು ಎಲ್ಲವೂ ಇದ್ದವು. ಸಾಲದೆಂದು ಅರಮನೆಗೆ ಕಂಪ್ಯೂಟರ್ ಜಾಲವನ್ನೂ ಹಾಕಿಸಿದರು. ದೂರದ ಕಾಡಿಗೆ ಬೇಟೆಗೆ ಹೋದಾಗಲೂ ಫೋನು ತಿರುಗಿಸಿ ಪಾಸ್‌ವರ್ಡ್ ಒತ್ತಿದರೆ ಸಾಕು, ಅಡುಗೆಮನೆಯಿಂದ ಬೊಕ್ಕಸದವರೆಗೆ ಅವರ ಅಪ್ಪಣೆ ಓಡುತ್ತಿತ್ತು.

"ಆ ಪಾಸ್‌ವರ್ಡ್ ನನ್ನೊಬ್ಬನಿಗೇ ಗೊತ್ತು. ಅದನ್ನು ಕಂಡುಹಿಡಿಯುವ ಗಂಡು ಇನ್ನೂ ಹುಟ್ಟಿಲ್ಲ!" ಎಂದು ಅರಸರು ತುಂಬಿದ ಸಭೆಯಲ್ಲಿ ಮೀಸೆ ತಿರುವಿದರು.

ವಿದೂಷಕ ಸಿಂಗಿರಾಯನದು ಮೊದಲು ಮಾತು, ಆಮೇಲೆ ಯೋಚನೆ. "ಹುಟ್ಟಿ ಬಹಳ ಕಾಲವಾಯಿತು, ಪ್ರಭು. ಇದೋ, ತಮ್ಮ ಮುಂದೆಯೇ ನಿಂತಿದ್ದಾನೆ" ಎಂದುಬಿಟ್ಟ.

"ಹಾಗೋ? ನಾಳೆ ಊಟದ ಹೊತ್ತಿಗೆ ಜಾಲದೊಳಗೆ ನುಗ್ಗಿ ತೋರಿಸು. ಆಗದಿದ್ದರೆ ಈ ಆಸ್ಥಾನದ ಕಡೆ ತಲೆ ಹಾಕಬೇಡ."

ಸಿಂಗಿರಾಯ ಮನೆಗೆ ಬಂದು ಫೋನು, ಕಂಪ್ಯೂಟರು ಎರಡನ್ನೂ ಮುಂದಿಟ್ಟುಕೊಂಡು ಕೂತ. ಕೆಲಸ ಹೋದರೆ ಬೇರೆ ಕಸುಬು ಗೊತ್ತಿಲ್ಲ. ಕಂಪ್ಯೂಟರಂತೂ ಮೊದಲೇ ಗೊತ್ತಿಲ್ಲ. ಗೊತ್ತಿದ್ದುದೆಂದರೆ ತನ್ನ ಸ್ವಂತ ಪಾಸ್‌ವರ್ಡ್ ಮಾತ್ರ. ಅದು "ಮಹಾಚತುರ". ನೆನೆದು ಅವನಿಗೇ ನಾಚಿಕೆಯಾಯಿತು. 'ಹಾಸ್ಯ ಮಾಡಿ ಹೊಟ್ಟೆ ಹೊರೆಯುವ ನನಗೇ ಇಷ್ಟು ಜಂಭವಿದ್ದರೆ, ಕಿರೀಟ ಹೊತ್ತವರಿಗೆ ಇನ್ನೆಷ್ಟಿರಬೇಡ!' ಎಂದುಕೊಂಡ.

ಬೆಳಗಾಯಿತು. ವಂದಿಮಾಗಧರು ಎಂದಿನಂತೆ ಅರಸರ ಬಿರುದುಗಳನ್ನು ಊರಿಗೆಲ್ಲ ಕೇಳುವ ಹಾಗೆ ಕೂಗತೊಡಗಿದರು. ಸಿಂಗಿರಾಯ ಕಿಟಕಿ ತೆರೆದಿಟ್ಟು, ಅವರು ಕೂಗಿದ್ದನ್ನೆಲ್ಲ ಒತ್ತುತ್ತಾ ಹೋದ. "ರಿಪುಕುಲಕುಠಾರ." ಆಗಲಿಲ್ಲ. "ರಣರಂಗಭೈರವ." ಅದೂ ಆಗಲಿಲ್ಲ. ಇಷ್ಟು ಸಲ ತಪ್ಪುವವನನ್ನು 'ಯಾರಯ್ಯಾ ನೀನು?' ಎಂದು ತಡೆಯುವಷ್ಟು ಬುದ್ಧಿಯನ್ನು ಆ ಯಂತ್ರಕ್ಕೆ ಯಾರೂ ಕಲಿಸಿರಲಿಲ್ಲ. "ಗಂಡರಗಂಡ" ಎಂದು ಒತ್ತಿದ್ದೇ ತಡ, ಜಾಲ ತೆರೆದುಕೊಂಡಿತು.

ಮಧ್ಯಾಹ್ನ ಅರಸರ ಚಿನ್ನದ ತಟ್ಟೆಗೆ ಗಂಜಿ ಬಂತು. ಎದುರು ಪಂಕ್ತಿಯಲ್ಲಿ ಸಿಂಗಿರಾಯನ ಎಲೆಗೆ ಹೋಳಿಗೆ, ಮೇಲೆ ಧಾರಾಳವಾಗಿ ತುಪ್ಪ.

"ಏನಿದು?" ಅರಸರು ಗುಡುಗಿದರು.

"ತಮ್ಮದೇ ಅಪ್ಪಣೆ, ಮಹಾಸ್ವಾಮಿ. ಬೆಳಗ್ಗೆ ಕಂಪ್ಯೂಟರಿನಲ್ಲಿ ಬಂತು" ಎಂದ ಅಡುಗೆಯವನು.

ಸಿಂಗಿರಾಯ ಎದ್ದು ನಿಂತು, ತನ್ನ "ಮಹಾಚತುರ"ನನ್ನೂ ಮುಚ್ಚಿಡದೆ ನಡೆದದ್ದನ್ನೆಲ್ಲ ಹೇಳಿದ. "ನನ್ನ ದಡ್ಡತನದಿಂದಲೇ ತಮ್ಮದನ್ನು ಅಳೆದೆ, ಪ್ರಭು. ಅಳತೆ ಸರಿಹೋಯಿತು. ಇನ್ನಾದರೂ ಬಿರುದು ಬೇಡ, ತಮ್ಮಲ್ಲಿರುವ ಒಂದು ಕುಂದನ್ನು ಪಾಸ್‌ವರ್ಡ್ ಮಾಡಿ. ಅದನ್ನು ಯಾರೂ ಬೀದಿಯಲ್ಲಿ ಕೂಗುವುದಿಲ್ಲ."

ಅರಸರು ಹುಬ್ಬು ಗಂಟಿಕ್ಕಿ, ಮುಂದಿದ್ದ ಗಂಜಿಯನ್ನೇ ಗುಟುಕರಿಸುತ್ತಾ ಬಹಳ ಹೊತ್ತು ಯೋಚಿಸಿದರು. "ಎಷ್ಟು ಹುಡುಕಿದರೂ ನನ್ನಲ್ಲಿ ಕುಂದೇ ಸಿಕ್ಕುತ್ತಿಲ್ಲವಲ್ಲೋ!"

"ಹಾಗಾದರೆ 'ಕುಂದಿಲ್ಲದವನು' ಎಂದೇ ಇಟ್ಟುಬಿಡಿ, ಪ್ರಭು. ತಮ್ಮ ವಿಷಯದಲ್ಲಿ ಆ ಮಾತು, ಹೊಗಳುವುದಕ್ಕೇ ಸಂಬಳ ತಿನ್ನುವ ವಂದಿಮಾಗಧರಿಗೂ ಇದುವರೆಗೆ ಹೊಳೆದಿಲ್ಲ!"

ಅರಸರು ನಕ್ಕ ರಭಸಕ್ಕೆ ಗಂಜಿ ನೆತ್ತಿಗೇರಿತು. ಸಿಂಗಿರಾಯನ ಕೆಲಸ ಉಳಿಯಿತು. ಹೋಳಿಗೆಯನ್ನು ಮಾತ್ರ ಅರಸರೇ ಎಳೆದುಕೊಂಡರು.