ನಿಂತಲ್ಲೇ ನಡುಗುವ ಕಾರು

ಡಂಗುರ ಸಾರಿದ್ದು ಸಂತೆಯ ದಿನ, ತುಂಬಿದ ಬಜಾರಿನಲ್ಲಿ. "ಕೇಳ್ರಪ್ಪೋ ಕೇಳ್ರಿ! ಕೆಂಗಲ್ಲೂರಿನ ಅರಸರಾದ ವೀರಭೂಪರ ಅಪ್ಪಣೆ! ಅರಮನೆಯ ಹಳೇ ಕಾರಿನ ಮೂರು ಒಗಟು ಬಿಡಿಸಿದವರಿಗೆ ನೂರು ಎಕರೆ ಹೊಲ, ಬಂಗಾರದ ಕಡಗ, ಬೇಡಿದ್ದೊಂದು ವರ. ತಪ್ಪು ಹೇಳಿದವರಿಗೆ ಅದೇ ಕಾರಿನ ಹಿಂದೆ ಹಗ್ಗ! ಯಾರೂ ಬಿಡಿಸದಿದ್ದರೆ ಹುಣ್ಣಿಮೆಗೆ ಡ್ರೈವರ್ ಕಾಳಪ್ಪನ ತಲೆ!"

ಕಾರಿಗೇನಾಗಿತ್ತು ಅಂತೀರಾ? ವೀರಭೂಪನಿಗೆ ಸಿಂಹಾಸನಕ್ಕಿಂತ ಆ ಕಾರಿನ ಮೇಲೆ ಮೋಹ. ಅರಮನೆಯ ಮುಂದೆ ಅದನ್ನು ನಿಲ್ಲಿಸಿ, ಎಂಜಿನ್ ಆರಿಸದೆ, ಹಿಂದಿನ ಸೀಟಿನಲ್ಲಿ ಕೂತೇ ನ್ಯಾಯ ಹೇಳುತ್ತಿದ್ದ. ಈಚೆಗೆ ನಿಂತ ಕಾರು ಗಕ್ ಗಕ್ ಎಂದು ಮುಗ್ಗರಿಸತೊಡಗಿತ್ತು. ಅದರ ಜೊತೆ ಅರಸನ ರುಮಾಲೂ ನಡುಗುತ್ತಿತ್ತು. ಗಲ್ಲಿಗೆ ಹೊರಟ ಕಳ್ಳನೊಬ್ಬ ಅದನ್ನು ನೋಡಿ, "ಸಾಯಾಂವ ನಾನು, ನಡುಗಾವ್ರು ನೀವೇನ್ರಿ?" ಎಂದುಬಿಟ್ಟ. ಜನ ಕಿಸಕ್ಕೆಂದರು. ಅಷ್ಟೇ ನೋಡಿ, ಅರಸನ ತಲೆ ಕೆಟ್ಟಿತು. ಆ ಸಂಜೆಯೇ ಕಾಳಪ್ಪ ಜೈಲು ಸೇರಿದ.

ಮೊದಲು ಬಂದವನು ಪೇಟೆಯ ಮೆಕ್ಯಾನಿಕ್. ಅರಸ ಕೇಳಿದ: "ಒಂದ ಮನ್ಯಾಗ ನಾಲ್ಕು ಮಂದಿ ಅಣ್ಣತಮ್ಮರು. ಉಣ್ಣವ್ರು ನಾಲ್ವರು, ದುಡಿಯವ್ರು ಮೂವರು. ಮನಿ ಗ್ವಾಡಿ ಒಡೀಲಾರದ, ಮೈಗಳ್ಳ ಯಾರಂತ ತೋರಿಸು."

"ನಾಲ್ಕು ಅಣ್ಣತಮ್ಮರಂದ್ರ ನಾಲ್ಕು ಸಿಲಿಂಡರ್ ಅಲ್ಲೇನ್ರಿ? ಮೊದಲನೇದರ ಪ್ಲಗ್ ಹೊಲಸಾಗೇತಿ" ಎಂದ ಮೆಕ್ಯಾನಿಕ್, ಹೊಸ ಪ್ಲಗ್ ಹಾಕಿದ. ಕಾರು ಗಕ್ ಎಂದಿತು. ಅವನನ್ನು ಕಾರಿನ ಹಿಂದೆ ಕಟ್ಟಿ, ಅರಸನೇ ಸ್ಟೀರಿಂಗ್ ಹಿಡಿದು ಹೊಳೆಯವರೆಗೆ ಓಡಿಸಿದ. ಮರುದಿನ ಬಂದ ಇಂಜಿನಿಯರ್ ಪೆಟ್ರೋಲಿನಲ್ಲಿ ನೀರು ಸೇರಿದೆ ಎಂದು ಟ್ಯಾಂಕನ್ನೇ ತೊಳೆಸಿದ. ಅವನದೂ ಅದೇ ಗತಿ. ಅವನ ಕೂಗು ಕೇಳಲಾರದೆ ಜನ ಕಿವಿ ಮುಚ್ಚಿಕೊಂಡರು. ಮೌನೇಶ ಮಾತ್ರ ಮುಚ್ಚಿಕೊಳ್ಳಲಿಲ್ಲ.

ಈ ಮೌನೇಶ ಯಾರು? ಕಾಳಪ್ಪನ ಹೆಂಡತಿ ದೇವಕ್ಕನ ತಮ್ಮ. ನಾಟಕ ಕಂಪನಿಗಳ ಹಾರ್ಮೋನಿಯಂ ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು. ಅವನು ಕೇಳುತ್ತಿದ್ದುದು ಕೂಗನ್ನಲ್ಲ, ಎಂಜಿನ್ನನ್ನು. ಮನುಷ್ಯನನ್ನು ಎಳೆದುಕೊಂಡು ಓಡುವಾಗ ಆ ಹಾಳು ಕಾರು ಒಮ್ಮೆಯೂ ಮುಗ್ಗರಿಸಲಿಲ್ಲ. ನಿಲ್ಲಿಸಿದ ಕೂಡಲೇ ಗಕ್ ಎಂದಿತು.

ಹುಣ್ಣಿಮೆಯ ಬೆಳಿಗ್ಗೆ ಮೌನೇಶ ಅರಸನ ಮುಂದೆ ನಿಂತ. "ಹಾರ್ಮೋನಿಯಂ ಪೆಟ್ಟಿಗಿ ರಿಪೇರಿ ಮಾಡಾಂವಗ ಎಂಜಿನ್ ಏನ ತಿಳೀತೈತಿ?" ಎಂದು ಅರಸ ನಕ್ಕ.

"ನೋಡೋಣ್ರಿ, ಸರಕಾರ" ಎಂದವನೇ ಮೌನೇಶ ಕೈಗೆ ಒಣ ಬಟ್ಟೆ ಸುತ್ತಿಕೊಂಡು, ಓಡುತ್ತಿದ್ದ ಎಂಜಿನ್ನಿನ ಪ್ಲಗ್ ತಂತಿಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸಿದ. ಮೊದಲನೆಯದು ಕಿತ್ತಾಗ ಎಂಜಿನ್ ಇನ್ನಷ್ಟು ಕುಸಿಯಿತು. ಎರಡನೆಯದಕ್ಕೂ, ನಾಲ್ಕನೆಯದಕ್ಕೂ ಹಾಗೇ. ಮೂರನೆಯದು ಕಿತ್ತರೆ ಏನೂ ಬದಲಾಗಲಿಲ್ಲ. "ದುಡಿಯಾಂವನ್ನ ತಗದ್ರ ಕೆಲಸ ನಿಂದರತೈತ್ರಿ. ಈ ಮೂರನೇದಂವ ಇದ್ರೂ ಅಷ್ಟ, ಇರದಿದ್ರೂ ಅಷ್ಟ. ಇಂವನ ಮೈಗಳ್ಳ."

"ಭಲೇ! ಎರಡನೇದು ಕೇಳು. ಹರದಾರಿ ಓಡಿದ್ರೂ ದಣೀಲಾರದಾಂವ ಕುಂತಲ್ಲೇ ಏದುಸಿರು ಬಿಡ್ತಾನ. ಯಾಕ?"

"ಎಲ್ಲೋ ಒಂದು ಸೀಳೈತ್ರಿ, ಗಾಳಿ ಕದ್ದು ಒಳಗ ಬರ್ತೈತಿ. ಪೆಟ್ಟಿಗಿ ತಿದಿ ಹರಿದಾಗೂ ಹಿಂಗ. ಜೋರಾಗಿ ಒತ್ತಿದ್ರ ಗೊತ್ತಾಗಂಗಿಲ್ಲ, ಸಣ್ಣ ಸ್ವರ ಹಿಡಿದ್ರ ಮುಗ್ಗರಿಸತೈತಿ. ಓಡೋ ಎಂಜಿನ್ ಗಾಳಿ ಭಾಳ ಕುಡೀತೈತಿ, ಕಳ್ಳಗಾಳಿ ಲೆಕ್ಕಕ್ಕಿಲ್ಲ. ನಿಂತಾಗ ಕುಡಿಯೋದ ಗುಟುಕು, ಅದರಾಗ ಅರ್ಧ ಕಳ್ಳಗಾಳಿ ಆದ್ರ ಪೆಟ್ರೋಲ್ ಹೆಂಗ ಹತ್ತಬೇಕ್ರಿ?" ಮೌನೇಶ ಎಂಜಿನ್ನಿಗೆ ಗಾಳಿ ಕೊಡುವ ಕೊಳವೆಯ ಮೇಲೆ ಹಸಿ ಬಟ್ಟೆ ಒತ್ತುತ್ತ ಹೋದ. ಮೂರನೆಯ ಸಿಲಿಂಡರಿನ ಬುಡದಲ್ಲಿ ಒತ್ತಿದಾಗ ಎಂಜಿನ್ ಸಲೀಸಾಗಿ ಗುನುಗತೊಡಗಿತು. ಅರಸನ ರುಮಾಲು ಅಲ್ಲಾಡದೆ ನಿಂತಿತು. ಜನ ಶಭಾಷ್ ಎಂದು ಕೂಗಿ ಚಪ್ಪಾಳೆ ತಟ್ಟಿದರು. ಪಾಪ, ಪರದೆಯ ಹಿಂದೆ ಕೂತು ಜೀವನ ಕಳೆದವನು, ಅವನಿಗಾಗಿ ಚಪ್ಪಾಳೆ ಬಿದ್ದದ್ದು ಅದೇ ಮೊದಲು.

ಅರಸ ನಗಲಿಲ್ಲ. "ಮೂರನೇದು. ಈ ಗಾಯ ಮಾಡಿದ ಕೈ ಯಾರದು? ಆ ಕೈ ಇವತ್ತ ಕಡಸ್ತೀನಿ, ಮನಿದೇವರ ಆಣಿ."

ಮೌನೇಶ ಬಿರುಕಿನಿಂದ ಉಗುರಗಲದ ಚೂರೊಂದನ್ನು ಕಿತ್ತು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ತೆಂಗಿನ ಕರಟ! "ಖಂಡೇನವಮಿ ಆಯುಧಪೂಜಿ ದಿನ ಊರಮಂದಿ ಗಾಲಿ ಮುಂದ ಕಲ್ಲಿಗೆ ಕಾಯಿ ಒಡೀತೀವ್ರಿ. ಅದು ಬಡವರ ಪದ್ಧತಿ ಅಂತ ನೀವು ಎಂಜಿನ್ ಮ್ಯಾಲೆ ಒಡೀತೀರಿ. ಆ ಕೈ ನಿಮ್ಮದ, ಸರಕಾರ."

ಅರಸ ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡ. ಆಮೇಲೆ ಮೆಲ್ಲಗೆ, "ಖರೇ ಐತಿ. ಹೊಲ ನಿಂದು, ಕಡಗ ನಿಂದು. ವರ ಬೇಡು" ಎಂದ.

"ಕಾಳಪ್ಪ ಮಾವನ ಜೀವ ಕೊಡ್ರಿ."

"ಕೊಟ್ಟೆ. ಇನ್ನ ನನ್ನ ಆಣಿ ಉಳೀತು. ಹಬ್ಬದ ದಿನ ಆ ಕಾಯಿ ನನ್ನ ಕೈಯಾಗ ಕೊಟ್ಟಾಂವ ಯಾರು?"

ಅರಮನೆಯಲ್ಲಿ ಕಾಯಿ ತೊಳೆದು ಅರಸನ ಕೈಗೆ ಕೊಡುವುದು ಡ್ರೈವರಿನ ಕೆಲಸ. ಅದು ಎಲ್ಲರಿಗೂ ಗೊತ್ತಿತ್ತು, ಮೌನೇಶನಿಗೂ. ಅವನು ಅರಸನ ಕಾಲು ಹಿಡಿದ, ಹೊಲ ಬೇಡ, ಕಡಗ ಬೇಡ ಎಂದು ಬಿಕ್ಕಿದ. ಕಟುಕ ಆಗಲೇ ಜೈಲಿನ ಕಡೆ ಹೊರಟಿದ್ದ.

ವಾರದ ಮೇಲೆ ಮೌನೇಶ ಅಕ್ಕನ ಮನೆಗೆ ಹೋದ. ದೇವಕ್ಕ ಗಂಡನಿಗೆ ತುತ್ತು ಮಾಡಿ ಉಣಿಸುತ್ತಿದ್ದಳು. ಕಾಳಪ್ಪನ ಬಲ ತೋಳಿಗೆ ಬಟ್ಟೆ ಸುತ್ತಿತ್ತು. ಮೌನೇಶ ಕಡಗ ಕಳಚಿ ಅವಳ ಮುಂದಿಟ್ಟು, "ನಾ ಖರೇನ ಹೇಳಿದ್ನಕ್ಕಾ" ಎಂದ.

ಅವಳು ಕಡಗವನ್ನು ಮುಟ್ಟಲಿಲ್ಲ. "ಹಬ್ಬಕ್ಕ ಕಾರಿನ ಪೂಜಿ ಮಾಡಿಸಿದ ಅರಮನಿ ಪೂಜಾರಿ ಹೋದ ತಿಂಗಳ ಸತ್ತಾನ. ಅಂವನ ಹೆಸರ ಹೇಳಿದ್ರ ಯಾರ ಕೈ ಕಡೀತಿದ್ರು? ಒಂದ ಸುಳ್ಳ ಹೇಳಾಕ ಬರ್ತಿರಲಿಲ್ಲೇನೋ ನಿನಗ?"