ಅರವಟ್ಟಿಗೆ ಮುಚ್ಚಲು ಬಂದ ರಾಜ

ಬಿಳಿಗಲ್ಲು ಸೀಮೆ ಅಂತ ಒಂದು ರಾಜ್ಯ. ಅಲ್ಲಿ ಒಬ್ಬ ರಾಜ ಇದ್ದ. ಅವನ ಹೆಸರು ಕೇಳಬೇಡಿ ಮಕ್ಕಳೇ, ಕಥೆ ಹೇಳಿದ ನಮ್ಮಜ್ಜಿಗೇ ಅದು ಮರೆತುಹೋಗಿತ್ತು. ಮನುಷ್ಯ ಒಳ್ಳೆಯವನು. ಬೇಸಿಗೆ ಬಂದರೆ ಮಾತ್ರ ಅರಮನೆಯ ಹೊಸಿಲು ದಾಟುತ್ತಿರಲಿಲ್ಲ. ಅವನಲ್ಲಿದ್ದ ದೋಷ ಅದೊಂದೇ.

ಒಳಗೆ ತಣ್ಣಗೆ ಕೂತಿದ್ದರೂ ಹೊರಗಿನವರ ಬಿಸಿಲು ಅವನಿಗೆ ನೆನಪಿತ್ತು. ಅದಕ್ಕೇ ಒಂದು ಕಟ್ಟಳೆ ಮಾಡಿದ್ದ. ಸಂತೆಗೆ ಹೋಗುವ ದಾರಿಯಲ್ಲಿ ಯುಗಾದಿಯಿಂದ ಮೊದಲ ಮಳೆಯವರೆಗೆ ಅರವಟ್ಟಿಗೆ ನಡೆಯಬೇಕು. ದಣಿದು ಬಂದವರಿಗೆಲ್ಲ ನೀರು, ಮಜ್ಜಿಗೆ ಕೊಡಬೇಕು. ದಾರಿಯುದ್ದಕ್ಕೂ ನೂರು ಹೊಂಗೆ ಸಸಿ ಬೆಳೆಸಬೇಕು. ಎರಡಕ್ಕೂ ದಿನಾ ಆರು ಬಂಡಿ ನೀರು ಊರ ಕೆರೆಯಿಂದ ಹೋಗಬೇಕು.

ಅರವಟ್ಟಿಗೆ ನೋಡಿಕೊಳ್ಳುತ್ತಿದ್ದವಳು ಸಂಕವ್ವ ಅನ್ನುವ ಮುದುಕಿ. ಈ ಕಟ್ಟಳೆ ಬರುವ ಮುಂಚೆ ಅವಳ ತಂಗಿ ಉಪ್ಪಿನ ಬುಟ್ಟಿ ಹೊತ್ತು ಇದೇ ದಾರಿಯಲ್ಲಿ ಹೋಗುತ್ತಾ ಬಾಯಾರಿ ಕುಸಿದಿದ್ದಳು. ಮತ್ತೆ ಏಳಲಿಲ್ಲ. ಹಾಗಾಗಿ ಸಂಕವ್ವ ದಿನಾ ಮಡಕೆ ತುಂಬಿಸುವಾಗ, ನೀರಿಟ್ಟ ಪುಣ್ಯಾತ್ಮ ತಣ್ಣಗಿರಲಿ ಅಂತ ಕಾಣದ ರಾಜನಿಗೆ ಕೈಮುಗಿಯುತ್ತಿದ್ದಳು.

ಇದರ ಉಸ್ತುವಾರಿಯೆಲ್ಲ ಬಸವಂತಪ್ಪ ಅನ್ನುವ ಪಾರುಪತ್ಯಗಾರನದು. ಅವನಿಗೊಂದು ನಿಂಬೆ ತೋಟ ಇತ್ತು. ಒಂದು ಬೇಸಿಗೆ, ಮೊದಲನೇ ವಾರ ಸಸಿಗಳ ಪಾಲಿನ ಒಂದು ಬಂಡಿ ನೀರು ಆ ತೋಟಕ್ಕೆ ತಿರುಗಿತು. ಎರಡನೇ ವಾರ ಎರಡು ಬಂಡಿ. ಮೂರನೇ ವಾರ ಸಸಿಗಳ ಪಾಲು ಪೂರ್ತಿ ತಿರುಗಿತು. ಸಸಿಗಳು ಒಣಗಿ ಕಡ್ಡಿಯಾದವು. ನಿಂಬೆಕಾಯಿ ದುಂಡಗೆ ತುಂಬಿಕೊಂಡವು.

ಅಷ್ಟಾದರೂ ಅವನಿಗೆ ಸಾಲಲಿಲ್ಲ ನೋಡಿ. ಅರವಟ್ಟಿಗೆಯ ನೀರಿನ ಮೇಲೂ ಕಣ್ಣು ಬಿತ್ತು. ರಾಜನ ಹತ್ತಿರ ಹೋಗಿ, ಹೊಂಗೆ ಆಳೆತ್ತರ ಬೆಳೆದಿವೆ, ಜನ ನೆರಳಲ್ಲೇ ದಣಿವಾರಿಸಿಕೊಂಡು ಹೋಗುತ್ತಾರೆ, ಅರವಟ್ಟಿಗೆಗೆ ಬರುವವರೇ ಇಲ್ಲ, ಮುಚ್ಚಿಬಿಡೋಣ ಅಂದ. ರಾಜನಿಗೆ ಬಲು ಸಂತೋಷವಾಯಿತು. ಅಷ್ಟು ಚೆನ್ನಾಗಿ ಬೆಳೆದಿದ್ದರೆ ನಾನೇ ಬಂದು ನೋಡಿ, ನನ್ನ ಕೈಯಿಂದಲೇ ಮುಚ್ಚುತ್ತೇನೆ ಅಂದುಬಿಟ್ಟ.

ಬೇಸಿಗೆಯಲ್ಲಿ ಈ ರಾಜ ಹೊರಗೆ ಬರುತ್ತಾನೆ ಅಂತ ಯಾರು ಕಂಡಿದ್ದರು? ಬಸವಂತಪ್ಪ ಅವಸರದಲ್ಲಿ ನೂರು ಹಸಿರು ಹೊಂಗೆ ಕೊಂಬೆ ಕಡಿಸಿದ. ಸಸಿಯ ಕಡ್ಡಿ ಕಿತ್ತೆಸೆದು ಆ ಗುಂಡಿಗಳಲ್ಲೇ ಕೊಂಬೆ ಹುಗಿಸಿದ. ಸುತ್ತ ಒದ್ದೆ ಮಣ್ಣು ಮೆತ್ತಿಸಿದ.

ಮಾರನೆಯ ಬೆಳಿಗ್ಗೆ ರಾಜ ಬಂದ. ಸಾಲಾಗಿ ನಿಂತ ಹಸಿರು ನೋಡಿ ಬಸವಂತಪ್ಪನ ಬೆನ್ನು ತಟ್ಟಿದ. ಆಮೇಲೆ ಮಡಕೆ ಬೋರಲು ಹಾಕಲು ಅರವಟ್ಟಿಗೆಗೆ ಬಂದ. ಕೊಂಬೆ ಹುಗಿದದ್ದನ್ನು ಸಂಕವ್ವ ಕಣ್ಣಾರೆ ಕಂಡಿದ್ದಳು. ಈಗ ಹೇಳಿದರೆ ಯಾರು ನಂಬುತ್ತಾರೆ? ಸುಮ್ಮನಿದ್ದರೆ ನಾಳೆಯಿಂದ ಈ ದಾರಿಯಲ್ಲಿ ಇನ್ನೆಷ್ಟು ಜನ ತಂಗಿಯ ಹಾಗೆ ಕುಸಿಯಬೇಕು? ಅವಳು ಕೈಮುಗಿದು ನಿಂತಳು.

"ಬುದ್ಧಿ, ಬೇಡ ಅನ್ನಕ್ಕೆ ನಾನ್ಯಾರು? ಆದ್ರೆ ಅರವಟ್ಟಿಗೆ ಮುಚ್ಚೋರು ಮೂರು ದಿನ ಇಲ್ಲೇ ಕೂತು, ಬಂದೋರಿಗೆಲ್ಲ ತಮ್ ಕೈಯಾರ ನೀರು ಕೊಡ್ಬೇಕು. ಆಮ್ಯಾಕೆ ಮಡಕೆ ಬೋರಲು ಹಾಕ್ಬೇಕು. ಅದು ಪದ್ಧತಿ."

ಅಂಥ ಪದ್ಧತಿ ನಿಜವಾಗಿ ಇತ್ತೋ, ಸಂಕವ್ವ ಆಗಿಂದಾಗಲೇ ಹುಟ್ಟಿಸಿದಳೋ, ನನ್ನನ್ನು ಕೇಳಬೇಡಿ. ಬಿಸಿಲು ಜೋರಾಗಿದೆ, ಅರಮನೆಗೆ ಹೋಗೋಣ ಅಂತ ಬಸವಂತಪ್ಪ ಗೋಗರೆದ. ಪದ್ಧತಿ ಮೀರಬಾರದು, ನೀನೂ ಕೂತುಕೋ ಅಂದ ರಾಜ. ತಲೆಗೊಂದು ವಸ್ತ್ರ ಸುತ್ತಿ, ಚೊಂಬು ಹಿಡಿದು ಕೂತ.

ಬರುವವರೇ ಇಲ್ಲ ಅಂತ ಬಸವಂತಪ್ಪ ಅಂದಿದ್ದನಲ್ಲ, ಹೊತ್ತೇರುವುದರೊಳಗೆ ಸಾಲು ಹತ್ತಿತು. ಬಳೆಗಾರರು ಬಂದರು, ಮಡಕೆ ಹೊತ್ತವರು ಬಂದರು, ಹಸುಗೂಸು ಎತ್ತಿಕೊಂಡವರು ಬಂದರು. ರಾಜನ ರಟ್ಟೆ ಬಿದ್ದುಹೋಯಿತು. ಮಧ್ಯಾಹ್ನಕ್ಕೆ ಹೊಂಗೆಯ ಎಲೆ ಜೋತುಬಿದ್ದವು. ಏನಿದು ಅಂತ ರಾಜ ಕೇಳಿದ. ಬಿಸಿಲಿಗೆ ಬಾಡಿವೆ, ಸಂಜೆಗೆ ಚೇತರಿಸಿಕೊಳ್ಳುತ್ತವೆ ಅಂದ ಬಸವಂತಪ್ಪ. ಸಂಜೆಯಾಯಿತು, ಅವು ಚೇತರಿಸಿಕೊಳ್ಳಲಿಲ್ಲ.

ಎರಡನೆಯ ದಿನ ಎಲೆ ಮುದುಡಿದವು. ಜನರ ದೃಷ್ಟಿ ತಾಗಿದೆ ಅಂದ ಬಸವಂತಪ್ಪ. ಉಪ್ಪು ಮೆಣಸಿನಕಾಯಿ ತಂದು ನೂರು ಗಿಡಕ್ಕೂ ನಿವಾಳಿಸಿದ. ಆ ಹೊತ್ತಿಗೆ ಉಪ್ಪು ಮಾರುವ ಒಬ್ಬ ಮುದುಕಿ ಬಂದಳು. ಬುಟ್ಟಿ ಇಳಿಸಿ, ಎರಡು ಚೊಂಬು ನೀರು ಗಟಗಟ ಕುಡಿದಳು. ನೀರು ಕೊಟ್ಟವನು ಯಾರು ಅಂತ ಅವಳಿಗೇನು ಗೊತ್ತು? ಅವನ ತಲೆಯ ಮೇಲೆ ಕೈಯಿಟ್ಟಳು.

"ಹೋಗೋ ಜೀವ ನಿಲ್ಲಿಸ್ದೆ ಮಗಾ. ನಿನ್ನ ಹೊಟ್ಟೆ ತಣ್ಣಗಿರ್ಲಿ."

ರಾಜನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ನೀರು ಕೊಡಿಸಿದ್ದ, ಕುಡಿದವರ ಮುಖ ನೋಡಿದ್ದು ಇದೇ ಮೊದಲು. ಸಂಕವ್ವ ಮಾತ್ರ ಅತ್ತ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಮೂರನೆಯ ದಿನ ಎಲೆಗಳು ಹಪ್ಪಳದ ಹಾಗೆ ಸದ್ದು ಮಾಡತೊಡಗಿದವು. ಕುರುಬನೊಬ್ಬನ ಮೇಕೆ ಬಂದು ಒಂದು ಗಿಡಕ್ಕೆ ಬಾಯಿ ಹಾಕಿ ಎಳೆಯಿತು. ಗಿಡ ಇಡಿಯಾಗಿ ಎದ್ದು ಬಂತು. ಅದಕ್ಕೆ ಬೇರೇ ಇರಲಿಲ್ಲ, ಬುಡದಲ್ಲಿ ಕೊಡಲಿಯ ಕಚ್ಚು ಇತ್ತು. ರಾಜ ಎದ್ದು ಹೋಗಿ ಇನ್ನೊಂದು ಕಿತ್ತ, ಮತ್ತೊಂದು ಕಿತ್ತ, ಮಗದೊಂದು ಕಿತ್ತ. ಎಲ್ಲದರಲ್ಲೂ ಅದೇ ಕಚ್ಚು. ಬಸವಂತಪ್ಪ ಕಾಲಿಗೆ ಬಿದ್ದು, ನೀರು ನಿಂಬೆ ತೋಟಕ್ಕೆ ತಿರುಗಿಸಿದ್ದನ್ನೂ ಕೊಂಬೆ ಹುಗಿಸಿದ್ದನ್ನೂ ಒಪ್ಪಿಕೊಂಡ.

ಇದು ನಿನಗೆ ಗೊತ್ತಿತ್ತಲ್ಲ, ಮೊದಲ ದಿನವೇ ಯಾಕೆ ಹೇಳಲಿಲ್ಲ ಅಂತ ರಾಜ ಸಂಕವ್ವನನ್ನು ಕೇಳಿದ.

"ಅವತ್ತು ಎಲೆ ಹಸುರಾಗಿತ್ತು ಬುದ್ಧಿ. ಅದರ ಮುಂದೆ ನನ್ ಮಾತು ಎಲ್ಲಿ ನಿಲ್ತಿತ್ತು?"

ಅರವಟ್ಟಿಗೆ ಮುಚ್ಚಲಿಲ್ಲ. ಅದೇ ಗುಂಡಿಗಳಿಗೆ ಬೇರಿರುವ ನೂರು ಸಸಿ ಬಂದವು. ಅವುಗಳ ಕೆಳಗೆ ಒಬ್ಬ ಮನುಷ್ಯ ಕೂರುವಷ್ಟು ನೆರಳು ಬೀಳುವ ತನಕ ಬಸವಂತಪ್ಪನೇ ಹೆಗಲ ಮೇಲೆ ಕೊಡ ಹೊತ್ತು ನೀರು ಹಾಕಬೇಕು ಅಂತ ಅಪ್ಪಣೆಯಾಯಿತು. ಊರ ನೀರು ಕುಡಿದು ಬೆಳೆದ ನಿಂಬೆಯಿಂದ ದಾರಿಹೋಕರಿಗೆ ಪಾನಕ ಆಯಿತು. ರಾಜ ಪ್ರತಿ ಬೇಸಿಗೆಯಲ್ಲೂ ಮೂರು ದಿನ ಅಲ್ಲಿ ಕೂತು ನೀರು ಕೊಡುವುದನ್ನು ಬಿಡಲಿಲ್ಲ. ನೀರು ಕುಡಿದವರು ನೀರಿಟ್ಟವರನ್ನು ನೆನೆದು, ಒಂದು ಚೊಂಬು ನೀರನ್ನು ಹತ್ತಿರದ ಸಸಿಗೂ ಹಾಕಿ ಹೋಗುವುದು ರೂಢಿಯಾಯಿತು.

ಹೊಂಗೆ ಮರವಾದವು. ಮೊದಲ ನೆರಳು ಬಿದ್ದ ದಿನ ಸಂಕವ್ವ ಬಸವಂತಪ್ಪನ ಹೆಗಲಿಂದ ಕೊಡ ಇಳಿಸಿ, ಅವನನ್ನು ಅಲ್ಲೇ ಕೂರಿಸಿದಳು. ಒಂದು ಲೋಟ ಪಾನಕ ಕೊಟ್ಟಳು. ಅವನು ತಲೆ ತಗ್ಗಿಸಿ ಕುಡಿದ.

ಇದರ ನೀತಿ ಇಷ್ಟೇ ಮಕ್ಕಳೇ. ಊರಿಗೆ ಅಂತ ಇಟ್ಟ ನೀರು ಊರಿಗೇ ಸೇರಬೇಕು, ಅದನ್ನು ಕದ್ದವನು ಸಿಕ್ಕಿಬೀಳದೆ ಇರುವುದಿಲ್ಲ. ಇನ್ನು, ಯಾರೋ ಇಟ್ಟ ನೀರು ಕುಡಿದರೆ ಅವರನ್ನು ನೆನೆಯಿರಿ, ಒಂದು ಚೊಂಬು ಗಿಡಕ್ಕೂ ಹಾಕಿ.