ಅರ್ಧ ತುಂಬಿದ ಚೀಲ

ಹೊಳೆದಂಡೆಯ ಆಶ್ರಮದಲ್ಲಿ ಒಂದು ಮರಗೆಲಸದ ಕೊಟ್ಟಿಗೆ ಇತ್ತು. ಅಲ್ಲಿ ವ್ಯಾಸಪೀಠ, ತೊಟ್ಟಿಲು ತಯಾರಾಗುತ್ತಿದ್ದವು. ಕಲಿಸುವವರು ಮಡಿವಾಳಜ್ಜ. ಕಲಿಯಲು ಬಂದವನು ಶಿವಪುತ್ರ, ನಲವತ್ತೈದರ ಗಟ್ಟಿ ಆಳು.

ಹೆಂಡತಿ ನೀಲವ್ವ ತೀರಿಕೊಂಡ ಹದಿನೈದನೇ ದಿನಕ್ಕೆ ಅವನು ಆಶ್ರಮಕ್ಕೆ ಬಂದಿದ್ದ. ಅವನು ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ಬೆಳಗಿನ ಗಂಟೆಗೆ ಕರೆಂಟಿನ ಗರಗಸ ಹಚ್ಚಿದರೆ ಸಂಜೆಯ ಗಂಟೆಗೇ ನಿಲ್ಲಿಸುತ್ತಿದ್ದ.

ಕೊಟ್ಟಿಗೆಯ ಮೂಲೆಯಲ್ಲಿ ಧೂಳು ಹೀರುವ ಯಂತ್ರವಿತ್ತು. ಗರಗಸದಿಂದ ಉದುರುವ ಮರದ ಹೊಟ್ಟು ಕೊಳವೆಯಲ್ಲಿ ಹಾದು ಯಂತ್ರದ ಕೆಳಗಿನ ಚೀಲಕ್ಕೆ ಬೀಳುತ್ತಿತ್ತು. ಅದನ್ನು ಖಾಲಿ ಮಾಡುವುದು ಶಿವಪುತ್ರನ ಪಾಲಿನ ಕೆಲಸ.

ಒಂದು ದಿನ ಯಂತ್ರ ಹೀರುವುದನ್ನೇ ಬಿಟ್ಟಿತು. ಚೀಲ ಬಿಗಿದು ಕಲ್ಲಾಗಿತ್ತು.

ಶಿವಪುತ್ರ ಯಂತ್ರ ಆರಿಸಿದವನೇ ಚೀಲದ ಕೊರಳಿಗೆ ಬಿಗಿದ ಪಟ್ಟಿ ಬಿಚ್ಚಿ, ಚೀಲವನ್ನು ತಬ್ಬಿ ಎತ್ತಿದ. ಸೊಂಟ ಹಿಡಿದುಕೊಂಡಿತು. ಚೀಲ ಜಾರಿ ಬಿತ್ತು. ಕೊಟ್ಟಿಗೆಯ ತುಂಬ ಧೂಳೆದ್ದು, ಅಂದೇ ವಾರ್ನಿಶ್ ಹಚ್ಚಿಟ್ಟ ತೊಟ್ಟಿಲಿಗೆ ಮೆತ್ತಿಕೊಂಡಿತು. ಅಜ್ಜ ಕೆಮ್ಮತೊಡಗಿದರು.

ಶಿವಪುತ್ರ ಕಸಬರಿಗೆ ಹಿಡಿದ.

"ಇಡು ಅದನ್ನ. ಹೊರಗ ಬಾ."

"ಬಳಿದುಬಿಡ್ತೀನ್ರಿ ಅಜ್ಜಾರ."

"ಈಗ ಬಳಿದ್ರ ಮತ್ತಷ್ಟು ಏಳತೈತಿ. ಬಾ."

ಇಬ್ಬರೂ ಹೊಳೆಯ ಮೆಟ್ಟಿಲ ಮೇಲೆ ಕೂತರು.

ಮರಳಿ ಬಂದಾಗ ಧೂಳೆಲ್ಲ ನೆಲಕ್ಕಿಳಿದಿತ್ತು. ಅಜ್ಜ ಮೂಗಿಗೆ ಅರಿವೆ ಕಟ್ಟಿಕೊಂಡು, ಶಿವಪುತ್ರನಿಗೂ ಒಂದು ಕೊಟ್ಟರು. ಚೆಲ್ಲಿದ ಹೊಟ್ಟನ್ನು ಅರ್ಧ ಚೀಲದಷ್ಟು ತುಂಬಿ, ತೆಗೆಯುವ ಬಗೆ ತೋರಿಸಲೆಂದು ಚೀಲವನ್ನು ಮತ್ತೆ ಯಂತ್ರಕ್ಕೆ ಬಿಗಿದರು.

"ಈಗ ನೋಡು."

ಯಂತ್ರದ ಮೇಲ್ಭಾಗದಲ್ಲಿ ಗಾಳಿ ಸೋಸುವ ಚೀಲವನ್ನು ಮೆಲ್ಲಗೆ ತಟ್ಟಿದರು. ಅಂಟಿದ್ದ ಧೂಳು ಕೆಳಗಿಳಿಯುವ ತನಕ ಕಾದರು. ಗಾಲಿಹಲಗೆಯೊಂದನ್ನು ಯಂತ್ರದ ಅಡಿಗೆ ಸರಿಸಿ, ಕೆಳಗಿನ ಚೀಲಕ್ಕೆ ದೊಡ್ಡದೊಂದು ಪ್ಲಾಸ್ಟಿಕ್ ಚೀಲವನ್ನು ಬುಡದಿಂದ ಕೊರಳತನಕ ತೊಡಿಸಿದರು. ಆಮೇಲೆ ಪಟ್ಟಿ ಸಡಿಲಿಸಿದರು. ಚೀಲ ತಾನೇ ಇಳಿದು ಹಲಗೆಯ ಮೇಲೆ ಕೂತಿತು. ಬಾಯಿ ಕಟ್ಟಿ ಹೊರಗೆ ತಳ್ಳಿಕೊಂಡು ಹೋದರು. ಎಪ್ಪತ್ತು ದಾಟಿದ ಅಜ್ಜನಿಗೆ ಏದುಸಿರು ಬರಲಿಲ್ಲ.

"ಬಿದ್ದ ಚೀಲ ಎಷ್ಟು ದಿನದ್ದಿತ್ತು?"

"ಹನ್ನೆರಡು ದಿನದ್ದು."

"ಅರ್ಧಕ್ಕ ತೆಗಿ ಅಂದಿದ್ದೆ."

"ತೆಗೀಬೇಕಂದ್ರ ಗರಗಸ ನಿಲ್ಲಿಸಬೇಕಲ್ರಿ."

"ನಿಲ್ಲಿಸಿದ್ರ ಏನಾಗತೈತಿ?"

ಶಿವಪುತ್ರ ಮೂಗಿನ ಅರಿವೆ ಬಿಚ್ಚಿದ. "ಸಪ್ಪಳ ನಿಂತ್ರ ಆಕಿ ದನಿ ಕೇಳತೈತ್ರಿ."

ಅಜ್ಜ ಉಪ್ಪುಕಾಗದ ತಂದು ತೊಟ್ಟಿಲಿನ ಒಂದು ಬದಿಗೆ ಕೂತರು. ಶಿವಪುತ್ರ ಇನ್ನೊಂದು ಬದಿಗೆ ಕೂತ. ಹಾಳಾದ ವಾರ್ನಿಶ್ ಉಜ್ಜಿ ತೆಗೆಯಲು ಎರಡು ದಿನ ಹಿಡಿಯಿತು.

ಆ ವಾರದ ಕೊನೆಗೆ ಚೀಲ ಅರ್ಧ ತುಂಬಿತು. ಮಟಮಟ ಮಧ್ಯಾಹ್ನ ಶಿವಪುತ್ರ ಗರಗಸ ನಿಲ್ಲಿಸಿದ. ತಟ್ಟಿದ, ಕಾದ, ಇಳಿಸಿದ. ಧೂಳು ಏಳಲಿಲ್ಲ. ಸೊಂಟ ನೋಯಲಿಲ್ಲ.

ಕೊಟ್ಟಿಗೆ ಮಾತ್ರ ತೀರ ಮೌನವಾಗಿತ್ತು. ಅಲ್ಲಿ ನಿಲ್ಲಲಾಗದೆ ಅವನು ಹೊಳೆಗೆ ಬಂದ. ಮೆಟ್ಟಿಲ ಮೇಲೆ, ದಿನದಂತೆ, ಅಜ್ಜ ಕೂತಿದ್ದರು. ಪಕ್ಕದಲ್ಲಿ ಕೂತ.

"ಕಡೀಕ ಆಕಿ ನೀರು ಕೇಳಿದ್ಲು, ಅಜ್ಜಾರ. ತಡಿ, ಬಂದೆ ಅಂದೆ. ಎತ್ತು ಕಟ್ಟಿ ಬರೋದ್ರಾಗ ಹೋಗಿಬಿಟ್ಟಿದ್ಲು."

ಅವನು ಮೊಣಕಾಲ ನಡುವೆ ತಲೆಯಿಟ್ಟು ಅತ್ತ. ಅಜ್ಜ ಸುಮ್ಮನಿರು ಎನ್ನಲಿಲ್ಲ. ಎದ್ದೂ ಹೋಗಲಿಲ್ಲ.

ಅಳು ತಗ್ಗಿದ ಮೇಲೆ ಅವನು ಮುಖ ಒರೆಸಿಕೊಂಡ.

"ಇದು ಯಾವಾಗ ಮುಗೀತೈತ್ರಿ?"

ಅಜ್ಜ ನೀರಿನ ಕಡೆಗೇ ನೋಡುತ್ತಿದ್ದರು.

"ನಮ್ಮಾಕಿ ಹೋಗಿ ಮೂವತ್ತೊಂದು ವರ್ಷಾತು, ಶಿವಪುತ್ರ. ನಾ ಇಲ್ಲಿ ದಿನಾ ಯಾಕ ಬಂದು ಕೂಡ್ತೀನಿ ಅಂದ್ಕೊಂಡಿ?"